ಸ್ಪಿನೋಜಾ: ತತ್ತ್ವವನ್ನು ಬಾಳಿ ತೋರಿದ ಜ್ಞಾನಿ

ತತ್ತ್ವಶಾಸ್ತ್ರವೆಂದೊಡನೆ ಸಾಮಾನ್ಯರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. ದಪ್ಪ ದಪ್ಪ ಗ್ರಂಥಗಳು, ಸುಲಭವಾಗಿ ಅರ್ಥವಾಗದ ಪರಿಭಾಷೆ, ಸಂಸಾರದ ಗೊಡವೆಯಿಲ್ಲದ ಪಂಡಿತರು, ಕೊನೆಮುಟ್ಟದ ವಾದವಿವಾದಗಳು. ಹೊಲ ಉಳುವವನಿಗೆ, ಅಂಗಡಿ ನಡೆಸುವವನಿಗೆ, ಕಚೇರಿಯಲ್ಲಿ ಲೆಕ್ಕ ಬರೆಯುವವನಿಗೆ, ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನಿಗೆ ಇದರಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಿಜ್ಞಾನ ಕಲಿತವನು ಯಂತ್ರವನ್ನು ನಿರ್ಮಿಸಬಲ್ಲನು, ವೈದ್ಯ ಕಲಿತವನು ರೋಗವನ್ನು ಗುಣಪಡಿಸಬಲ್ಲನು. ತತ್ತ್ವಶಾಸ್ತ್ರ ಕಲಿತವನು ಏನು ಮಾಡಬಲ್ಲನು? ಈ ಪ್ರಶ್ನೆಗೆ ವ್ಯಾಖ್ಯೆಗಳ ಮೂಲಕ ಉತ್ತರ ಕೊಡುವುದಕ್ಕಿಂತ ಒಂದು ಬಾಳಿನ ಮೂಲಕ ಉತ್ತರ ಹುಡುಕುವುದು ಲೇಸು. ಹಾಗೆ ಹುಡುಕಹೊರಟವರ ಕಣ್ಣಿಗೆ ಮೊದಲು ಬೀಳುವ ಕೆಲವೇ ಹೆಸರುಗಳಲ್ಲಿ ಹದಿನೇಳನೆಯ ಶತಮಾನದ ಹಾಲೆಂಡಿನ ತತ್ತ್ವಜ್ಞಾನಿ ಸ್ಪಿನೋಜಾನ ಹೆಸರೂ ಒಂದು. ಅವನು ವಿಶ್ವವಿದ್ಯಾಲಯದ ಪೀಠವನ್ನೇರಲಿಲ್ಲ, ಶಿಷ್ಯಸಮೂಹವನ್ನು ಕಟ್ಟಲಿಲ್ಲ, ಸಂಪತ್ತನ್ನು ಕೂಡಿಡಲಿಲ್ಲ. ಗಾಜನ್ನು ಉಜ್ಜಿ ಮಸೂರಗಳನ್ನು ತಯಾರಿಸುತ್ತ, ಬಾಡಿಗೆಯ ಕೋಣೆಯಲ್ಲಿ ಬದುಕಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಆದರೂ ಅವನ ವಿಚಾರಗಳು ಮೂರೂವರೆ ಶತಮಾನಗಳನ್ನು ದಾಟಿ ಬಂದಿವೆ.

ಸ್ಪಿನೋಜಾನು ೧೬೩೨ನೆಯ ನವೆಂಬರ್ ೨೪ರಂದು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದನು. ಅವನ ಹಿರಿಯರು ಪೋರ್ಚುಗಲ್ ದೇಶದ ಯೆಹೂದ್ಯರು. ಆ ದೇಶದಲ್ಲಿ ಯೆಹೂದ್ಯರನ್ನು ಬಲಾತ್ಕಾರದಿಂದ ಕ್ರೈಸ್ತರನ್ನಾಗಿ ಮಾಡಿ, ಅನಂತರ ಅವರ ಮನೆಗಳೊಳಗೇ ಇಣಿಕಿ ನೋಡಿ, ಗುಟ್ಟಾಗಿ ಹಳೆಯ ಮತವನ್ನು ಪಾಲಿಸುತ್ತಿದ್ದಾರೆಂಬ ಶಂಕೆ ಬಂದವರನ್ನು ಧಾರ್ಮಿಕ ನ್ಯಾಯಸ್ಥಾನಗಳು ಚಿತ್ರಹಿಂಸೆಗೆ ಗುರಿಪಡಿಸುತ್ತಿದ್ದವು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳಿಗೆ ವ್ಯಾಪಾರದಿಂದ ಬೆಳೆಯುತ್ತಿದ್ದ ಆಮ್‌ಸ್ಟರ್‌ಡ್ಯಾಮ್ ಆಶ್ರಯವಿತ್ತಿತು. ತಂದೆ ಮೈಕೆಲನು ವರ್ತಕನಾಗಿದ್ದನು. ಮಗನಿಗೆ ಇಟ್ಟ ಹೆಸರು ಹೀಬ್ರೂ ಭಾಷೆಯಲ್ಲಿ ಬಾರೂಖ್, ಮನೆಮಾತಾದ ಪೋರ್ಚುಗೀಸಿನಲ್ಲಿ ಬೆಂತೊ. ಮುಂದೆ ಲ್ಯಾಟಿನ್ನಿನಲ್ಲಿ ಬೆನೆಡಿಕ್ಟಸ್ ಎಂದಾಯಿತು. ಮೂರಕ್ಕೂ ಅರ್ಥ ಒಂದೇ, ಅನುಗ್ರಹ ಪಡೆದವನು ಎಂದು. ಆದರೆ ಲೌಕಿಕದ ಕಣ್ಣಿಗೆ ಆ ಬಾಳಿನಲ್ಲಿ ಅನುಗ್ರಹಕ್ಕಿಂತ ನಷ್ಟವೇ ಹೆಚ್ಚಾಗಿ ಕಾಣುತ್ತದೆ. ಆರು ವರ್ಷ ತುಂಬುವ ಮುನ್ನವೇ ತಾಯಿ ತೀರಿಕೊಂಡಳು. ೧೬೪೯ರಲ್ಲಿ ಅಣ್ಣ ಐಸಾಕನು ಗತಿಸಿದನು. ೧೬೫೪ರಲ್ಲಿ ತಂದೆಯೂ ಮರಣಹೊಂದಿದನು. ಸಮುದಾಯದ ಶಾಲೆಯಲ್ಲಿ ಧರ್ಮಗ್ರಂಥಗಳನ್ನು ಓದುತ್ತಿದ್ದ ಚುರುಕು ಹುಡುಗನು ಓದನ್ನು ಬಿಟ್ಟು ಮನೆತನದ ವ್ಯಾಪಾರಕ್ಕೆ ಇಳಿಯಬೇಕಾಯಿತು. ತಂದೆಯ ತರುವಾಯ ಸ್ಪಿನೋಜಾ ಮತ್ತು ಅವನ ತಮ್ಮ ಗೇಬ್ರಿಯಲ್ ಆ ವ್ಯಾಪಾರವನ್ನು ನಡೆಸಿದರು. ಅದು ಸಾಲದಲ್ಲಿ ಮುಳುಗಿದ್ದ ವ್ಯಾಪಾರ.

ಅಂಗಡಿಯ ಲೆಕ್ಕಪತ್ರಗಳ ನಡುವೆ ಕುಳಿತ ಈ ತರುಣನ ಮನಸ್ಸು ಬೇರೆಡೆಗೆ ಹರಿಯುತ್ತಿತ್ತು. ಹಿಂದೆ ಜೆಸೂಟ್ ಪಂಥದವನಾಗಿದ್ದ ವಾನ್ ಡೆನ್ ಎಂಡೆನ್ ಎಂಬ ಅಧ್ಯಾಪಕನ ಶಾಲೆಯಲ್ಲಿ ಅವನು ಲ್ಯಾಟಿನ್ ಭಾಷೆಯನ್ನು ಕಲಿತನು. ಆ ಕಾಲದಲ್ಲಿ ಲ್ಯಾಟಿನ್ ಕಲಿಯುವುದೆಂದರೆ ಯೂರೋಪಿನ ಸಮಸ್ತ ಜ್ಞಾನಭಂಡಾರದ ಬೀಗದ ಕೈ ದೊರೆತಂತೆ. ದೇಕಾರ್ತನ ಹೊಸ ತತ್ತ್ವಜ್ಞಾನ, ಗಣಿತ, ದೃಗ್ವಿಜ್ಞಾನ ಇವೆಲ್ಲವೂ ಆ ಮೂಲಕ ಅವನಿಗೆ ತೆರೆದವು. ಅವನು ಪ್ರಶ್ನೆಗಳನ್ನು ಕೇಳತೊಡಗಿದನು. ಪವಿತ್ರಗ್ರಂಥಗಳನ್ನು ಬರೆದವರು ಯಾರು, ಯಾವ ಕಾಲದಲ್ಲಿ? ದೇವರು ರಾಜನಂತೆ ಕೋಪಿಸಿಕೊಳ್ಳುವವನೂ ಮೆಚ್ಚಿ ವರ ಕೊಡುವವನೂ ಆಗಿರಲು ಸಾಧ್ಯವೇ? ಇಂಥ ಪ್ರಶ್ನೆಗಳು ಸಮುದಾಯದ ಹಿರಿಯರನ್ನು ಕಳವಳಗೊಳಿಸಿದವು.

ಆ ಹಿರಿಯರ ಸ್ಥಿತಿಯನ್ನೂ ನ್ಯಾಯವಾಗಿ ಎಣಿಸಬೇಕು. ಅವರು ನಿರಾಶ್ರಿತರು. ಪರದೇಶದ ಅಧಿಕಾರಿಗಳ ಕೃಪೆಯಲ್ಲಿ ಬಾಳುತ್ತಿದ್ದವರು. ಅನೇಕ ತಲೆಮಾರುಗಳ ಕಾಲ ಬಲವಂತವಾಗಿ ಬಿಡಬೇಕಾಗಿ ಬಂದಿದ್ದ ಆಚಾರಗಳನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದವರು. ತಮ್ಮೊಳಗೊಬ್ಬನು ಎಲ್ಲ ಮತಗಳ ಬುಡವನ್ನೂ ಪ್ರಶ್ನಿಸಿದರೆ ಇಡೀ ಸಮುದಾಯಕ್ಕೆ ಕುತ್ತು ಬಂದೀತೆಂಬ ಭಯ ಅವರಿಗೆ ಇದ್ದಿರಬೇಕು. ಆದರೆ ಭಯದಿಂದ ಕೈಗೊಂಡ ನಿರ್ಧಾರಗಳು ಕ್ರೂರವಾಗುವುದುಂಟು. ಇದೇ ಸಮುದಾಯದಲ್ಲಿ ಉರಿಯೆಲ್ ದ ಕೋಸ್ತ ಎಂಬ ವಿಚಾರವಾದಿಯು ಬಹಿಷ್ಕಾರಕ್ಕೂ ಬಹಿರಂಗ ಅವಮಾನಕ್ಕೂ ಗುರಿಯಾಗಿ ೧೬೪೦ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದನು. ಆಗ ಸ್ಪಿನೋಜಾನು ಎಳೆಯ ಬಾಲಕ. ೧೬೫೬ನೆಯ ಜುಲೈ ೨೭ರಂದು ಅವನ ಸರದಿ ಬಂದಿತು. ಇಪ್ಪತ್ತಮೂರು ವರ್ಷದ ಈ ತರುಣನನ್ನು ಸಮುದಾಯದಿಂದ ಬಹಿಷ್ಕರಿಸಲಾಯಿತು. ಯಾರೂ ಅವನೊಡನೆ ಮಾತನಾಡಬಾರದು, ಪತ್ರ ವ್ಯವಹಾರ ಮಾಡಬಾರದು, ಒಂದೇ ಸೂರಿನಡಿ ಇರಬಾರದು, ಅವನು ಬರೆದುದನ್ನು ಓದಬಾರದು ಎಂದು ವಿಧಿಸಲಾಯಿತು. ಆ ದಿನದಿಂದ ಒಡಹುಟ್ಟಿದವರ ಮನೆಯ ಬಾಗಿಲೂ ಅವನಿಗೆ ಮುಚ್ಚಿತು.

ತತ್ತ್ವಶಾಸ್ತ್ರ ಎಂದರೇನು ಎಂಬ ಪ್ರಶ್ನೆ ಇಲ್ಲಿಂದ ಮುಂದೆ ಸ್ಪಿನೋಜಾನ ಪಾಲಿಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಮನೆಯಿಲ್ಲ, ವ್ಯಾಪಾರವಿಲ್ಲ, ಬಂಧುಬಳಗವಿಲ್ಲ. ಯಾವುದನ್ನು ಆಧರಿಸಿ ಬದುಕಬೇಕು? ತರುಣನಾಗಿದ್ದಾಗ ಅವನು ಬರೆಯತೊಡಗಿ ಅರ್ಧದಲ್ಲಿಯೇ ನಿಲ್ಲಿಸಿದ, ಬುದ್ಧಿಯ ಪರಿಷ್ಕಾರವನ್ನು ಕುರಿತ ಒಂದು ಕಿರುಗ್ರಂಥವಿದೆ. ಅದರ ಆರಂಭದಲ್ಲಿ ಅವನು ತನ್ನ ಮನಸ್ಸಿನ ತೊಳಲಾಟವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾನೆ. ಜನರು ಬಾಳಿನಲ್ಲಿ ಪರಮಶ್ರೇಯಸ್ಸೆಂದು ಬೆನ್ನುಹತ್ತುವುದು ಮೂರನ್ನು: ಧನ, ಕೀರ್ತಿ, ಇಂದ್ರಿಯಸುಖ. ಇವು ಕೈಗೆ ಸಿಕ್ಕರೂ ತೃಪ್ತಿಯಿಲ್ಲ, ಸಿಕ್ಕದಿದ್ದರೆ ದುಃಖ, ಸಿಕ್ಕಿ ಕಳೆದುಹೋದರೆ ಇನ್ನೂ ದುಃಖ. ಹಾಗಾದರೆ ಒಮ್ಮೆ ದೊರೆತರೆ ಶಾಶ್ವತವಾಗಿ ನೆಮ್ಮದಿ ಕೊಡುವ ವಸ್ತು ಯಾವುದಾದರೂ ಉಂಟೇ ಎಂದು ಅವನು ಕೇಳಿಕೊಂಡನು. ಕೈಯಲ್ಲಿರುವುದನ್ನು ಬಿಟ್ಟು ಕಾಣದುದರ ಹಿಂದೆ ಹೋಗುವುದು ಅವಿವೇಕವಲ್ಲವೇ ಎಂಬ ಅಳುಕೂ ಅವನಿಗಿದ್ದಿತು. ಆಲೋಚಿಸಿದಂತೆ ಒಂದು ಸಂಗತಿ ಅವನಿಗೆ ಸ್ಪಷ್ಟವಾಯಿತು. ಧನವೂ ಕೀರ್ತಿಯೂ ಸುಖವೂ ಸಾಧನಗಳಾಗಿದ್ದಷ್ಟು ಕಾಲ ಹಾನಿಯಿಲ್ಲ. ಅವೇ ಗುರಿಯಾದಾಗ ಮನುಷ್ಯನು ಅವುಗಳ ಆಳಾಗುತ್ತಾನೆ. ಯಾವುದು ಸಾಧನ, ಯಾವುದು ಗುರಿ ಎಂದು ವಿವೇಚಿಸುವ ಈ ಕೆಲಸವೇ ತತ್ತ್ವಶಾಸ್ತ್ರದ ಮೊದಲ ಮೆಟ್ಟಿಲು. ಇದು ಪಂಡಿತನಿಗೆ ಮಾತ್ರ ಬೇಕಾದ ಕೆಲಸವಲ್ಲ. ಮಗಳ ಮದುವೆಗೆ ಸಾಲ ಮಾಡಬೇಕೆ ಬೇಡವೆ ಎಂದು ಚಿಂತಿಸುವ ತಂದೆಯೂ, ಊರ ಪ್ರತಿಷ್ಠೆಗೂ ಮನೆಯ ನೆಮ್ಮದಿಗೂ ನಡುವೆ ಸಿಕ್ಕಿಬಿದ್ದ ಗೃಹಸ್ಥನೂ ತಿಳಿದೋ ತಿಳಿಯದೆಯೋ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿರುತ್ತಾರೆ. ಸರಿಯಾಗಿ ಕೇಳಿಕೊಳ್ಳುವ ಶಿಸ್ತನ್ನು ತತ್ತ್ವಶಾಸ್ತ್ರ ಕಲಿಸುತ್ತದೆ.

ಹೊಟ್ಟೆಪಾಡಿಗಾಗಿ ಸ್ಪಿನೋಜಾನು ಮಸೂರಗಳನ್ನು ಉಜ್ಜುವ ಕಾಯಕವನ್ನು ಕಲಿತನು. ದೂರದರ್ಶಕ, ಸೂಕ್ಷ್ಮದರ್ಶಕಗಳು ಹೊಸದಾಗಿ ಬಳಕೆಗೆ ಬರುತ್ತಿದ್ದ ಕಾಲವದು. ಗಾಜಿನ ತುಂಡನ್ನು ನಿರ್ದಿಷ್ಟವಾದ ವಕ್ರತೆ ಬರುವವರೆಗೆ ತಾಳ್ಮೆಯಿಂದ ತೇಯಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಂಬ ಕದಡಿಹೋಗುತ್ತದೆ. ಆ ಯುಗದ ಮಹಾವಿಜ್ಞಾನಿ ಹೈಗೆನ್ಸನೂ ಸ್ಪಿನೋಜಾನ ಮಸೂರಗಳ ಹೊಳಪನ್ನು ಮೆಚ್ಚಿಕೊಂಡಿದ್ದನು. ೧೬೬೧ರ ವೇಳೆಗೆ ಅವನು ಲೈಡನ್ ನಗರದ ಬಳಿಯ ರೈನ್ಸ್‌ಬರ್ಗ್ ಎಂಬ ಹಳ್ಳಿಗೆ ಹೋಗಿ ನೆಲೆಸಿದನು. ೧೬೬೩ರಲ್ಲಿ ಫೋರ್‌ಬರ್ಗ್‌ಗೂ, ೧೬೭೦ರ ಸುಮಾರಿಗೆ ಹೇಗ್ ನಗರಕ್ಕೂ ವಾಸವನ್ನು ಬದಲಾಯಿಸಿದನು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್ ಮೊದಲಾದವರು ಅವನಿಗೆ ಪತ್ರ ಬರೆಯುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಗೆಳೆಯರ ಒಂದು ಬಳಗ ಅವನ ಬರಹಗಳ ಪ್ರತಿಗಳನ್ನು ತರಿಸಿಕೊಂಡು, ಒಟ್ಟಿಗೆ ಕುಳಿತು ಓದಿ, ತಿಳಿಯದೆಡೆಯಲ್ಲಿ ಸಂದೇಹಗಳನ್ನು ಬರೆದು ಕಳುಹಿಸುತ್ತಿತ್ತು. ಆ ಬಳಗದಲ್ಲಿ ವರ್ತಕರಿದ್ದರು, ವೈದ್ಯರಿದ್ದರು, ಪುಸ್ತಕ ಪ್ರಕಾಶಕನಿದ್ದನು. ಸಂಸಾರ ವ್ಯವಹಾರಗಳಲ್ಲಿ ಮುಳುಗಿದ್ದವರೇ ತತ್ತ್ವವಿಚಾರಕ್ಕೆ ಬಿಡುವು ಮಾಡಿಕೊಂಡಿದ್ದರೆಂಬುದು ಗಮನಾರ್ಹ.

ರೈನ್ಸ್‌ಬರ್ಗಿನಲ್ಲಿ ಕಸೇರಿಯಸ್ ಎಂಬ ತರುಣ ವಿದ್ಯಾರ್ಥಿಗೆ ಸ್ಪಿನೋಜಾನು ಪಾಠ ಹೇಳಿದನು. ಹುಡುಗನ ಬುದ್ಧಿ ಇನ್ನೂ ಮಾಗಿಲ್ಲವೆಂದು ಕಂಡು ತನ್ನ ಸ್ವಂತ ಸಿದ್ಧಾಂತವನ್ನು ಅವನ ಮೇಲೆ ಹೇರದೆ ದೇಕಾರ್ತನ ತತ್ತ್ವವನ್ನು ಕ್ರಮವಾಗಿ ಬೋಧಿಸಿದನು. ಆ ಪಾಠಗಳೇ ಬೆಳೆದು ೧೬೬೩ರಲ್ಲಿ ಒಂದು ಗ್ರಂಥವಾಗಿ ಪ್ರಕಟವಾದವು. ಸ್ಪಿನೋಜಾನ ಜೀವಿತಕಾಲದಲ್ಲಿ ಅವನ ಹೆಸರು ಹೊತ್ತು ಹೊರಬಂದ ಗ್ರಂಥ ಅದೊಂದೇ. ಶಿಷ್ಯನ ಯೋಗ್ಯತೆಯನ್ನು ಅಳೆದು ಬೋಧಿಸುವ ಆ ಸಂಯಮ ಎಲ್ಲ ಕಾಲದ ಅಧ್ಯಾಪಕರಿಗೂ ಮಾದರಿ. ಈ ಕಸೇರಿಯಸನೇ ಮುಂದೆ ಪಾದ್ರಿಯಾಗಿ ಭಾರತದ ಮಲಬಾರ್ ಕರಾವಳಿಗೆ ಬಂದು, ಅಲ್ಲಿನ ಔಷಧೀಯ ಸಸ್ಯಗಳನ್ನು ವರ್ಣಿಸುವ ಹೋರ್ತುಸ್ ಮಲಬಾರಿಕುಸ್ ಎಂಬ ಮಹಾಗ್ರಂಥದ ಆರಂಭದ ಸಂಪುಟಗಳ ಲ್ಯಾಟಿನ್ ಬರವಣಿಗೆಯಲ್ಲಿ ನೆರವಾದನು. ನಮ್ಮ ಕರಾವಳಿಯ ವೈದ್ಯರ ತಿಳಿವಳಿಕೆಯನ್ನು ಯೂರೋಪಿಗೆ ಮುಟ್ಟಿಸಿದ ಆ ಕಾರ್ಯದಲ್ಲಿ ಸ್ಪಿನೋಜಾನ ಶಿಷ್ಯನೊಬ್ಬನ ಕೈ ಇದ್ದಿತೆಂಬುದು ಸ್ವಾರಸ್ಯದ ಸಂಗತಿ.

೧೬೬೪ರ ಕೊನೆಯಲ್ಲಿ ಬ್ಲೈಯೆನ್‌ಬರ್ಗ್ ಎಂಬ ಧಾನ್ಯವರ್ತಕನು ಪರಿಚಯವಿಲ್ಲದಿದ್ದರೂ ಸ್ಪಿನೋಜಾನಿಗೆ ಪತ್ರ ಬರೆದನು. ಎಲ್ಲವೂ ದೇವರಿಂದಲೇ ಆಗುವುದಾದರೆ ಕೆಡುಕೂ ದೇವರಿಂದಲೇ ಆಯಿತಲ್ಲವೇ? ಮನುಷ್ಯನು ಮಾಡುವುದೆಲ್ಲ ಕಾರಣಗಳ ಕಟ್ಟಿಗೆ ಒಳಪಟ್ಟಿದ್ದರೆ ಒಳ್ಳೆಯವನಿಗೂ ಕೆಟ್ಟವನಿಗೂ ಭೇದವೇನು? ಇದು ಜಗತ್ತಿನ ಎಲ್ಲ ದೇಶಗಳ ಜನಸಾಮಾನ್ಯರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ. ಸ್ಪಿನೋಜಾನು ದೀರ್ಘವಾದ ಉತ್ತರಗಳನ್ನು ಬರೆದನು. ಕೆಡುಕೆಂಬುದು ಪ್ರತ್ಯೇಕವಾದ ಒಂದು ವಸ್ತುವಲ್ಲ, ನಾವು ಹೋಲಿಸಿ ನೋಡಿದಾಗ ತೋರುವ ಕೊರತೆ; ಸಜ್ಜನನೂ ದುರ್ಜನನೂ ಕಾರಣಗಳಿಂದಲೇ ರೂಪುಗೊಂಡರೂ ಅವರ ಗುಣದಲ್ಲಿರುವ ಅಂತರ ನಿಜವಾದ ಅಂತರವೇ ಎಂಬುದು ಅವನ ವಾದದ ಸಾರ. ವರ್ತಕನಿಗೆ ಒಪ್ಪಿಗೆಯಾಗಲಿಲ್ಲ. ಕೆಲವು ಪತ್ರಗಳು ಹೋಗಿಬಂದ ಮೇಲೆ, ಇಬ್ಬರ ಮೂಲ ನಂಬಿಕೆಗಳೇ ಬೇರೆಯಾದುದರಿಂದ ಚರ್ಚೆ ಫಲಿಸದೆಂದು ಕಂಡು ಸ್ಪಿನೋಜಾನು ಸೌಜನ್ಯದಿಂದ ಅದನ್ನು ಕೊನೆಗೊಳಿಸಿದನು. ಆ ಪ್ರಶ್ನೆಗೆ ಅವನ ಉತ್ತರ ಸಾಕೇ ಎಂಬ ಬಗ್ಗೆ ಇಂದಿಗೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹೊಳೆಗೆ ಪ್ರವಾಹ ಬಂದರೆ ಹೊಳೆಯನ್ನು ಯಾರೂ ಬೈಯುವುದಿಲ್ಲ, ಒಡ್ಡು ಕಟ್ಟದೆ ಸುಮ್ಮನಿರುವುದೂ ಇಲ್ಲ. ಕಾರಣವನ್ನು ಅರಿಯುವುದೆಂದರೆ ಕೆಡುಕಿಗೆ ಸಮ್ಮತಿ ಕೊಡುವುದಲ್ಲವೆಂದು ಇಷ್ಟರಿಂದ ತಿಳಿಯುತ್ತದೆ.

ಈ ಎಲ್ಲ ವರ್ಷಗಳಲ್ಲಿ ಸ್ಪಿನೋಜಾನು ತನ್ನ ಮೇರುಕೃತಿಯಾದ ನೀತಿಶಾಸ್ತ್ರವನ್ನು ರಚಿಸುತ್ತಿದ್ದನು. ಐದು ಭಾಗಗಳ ಆ ಗ್ರಂಥವು ಯೂಕ್ಲಿಡನ ರೇಖಾಗಣಿತದ ರೀತಿಯಲ್ಲಿ ವ್ಯಾಖ್ಯೆ, ಸ್ವಯಂಸಿದ್ಧ ಸೂತ್ರ, ಪ್ರಮೇಯ, ಸಾಧನೆ ಎಂಬ ಕ್ರಮದಲ್ಲಿ ಸಾಗುತ್ತದೆ. ಇರುವ ಸದ್ವಸ್ತು ಒಂದೇ. ಅದೇ ದೇವರು, ಅದೇ ಪ್ರಕೃತಿ. ಸಮಸ್ತ ವಸ್ತುಗಳೂ ಆ ಒಂದರ ಪ್ರಕಾರಗಳು ಎಂಬ ಸಿದ್ಧಾಂತದಿಂದ ಅದು ಆರಂಭವಾಗುತ್ತದೆ. ಆದರೆ ಗ್ರಂಥದ ಹೆಸರೇ ಸೂಚಿಸುವಂತೆ ಅದರ ಗುರಿ ಸೃಷ್ಟಿಯ ವರ್ಣನೆಯಲ್ಲ, ಬಾಳಿನ ರೀತಿ. ಮೂರನೆಯ ಮತ್ತು ನಾಲ್ಕನೆಯ ಭಾಗಗಳಲ್ಲಿ ಮನುಷ್ಯನ ಭಾವಗಳನ್ನು ಅವನು ಒಂದೊಂದಾಗಿ ಬಿಡಿಸಿ ನೋಡುತ್ತಾನೆ. ಪ್ರತಿಯೊಂದು ಜೀವವೂ ತನ್ನ ಇರುವಿಕೆಯನ್ನು ಉಳಿಸಿಕೊಳ್ಳಲು ಹೆಣಗುತ್ತದೆ. ಆ ಶಕ್ತಿ ಹೆಚ್ಚಿದಾಗ ಆಗುವುದು ಸಂತೋಷ, ಕುಗ್ಗಿದಾಗ ಆಗುವುದು ದುಃಖ. ಪ್ರೀತಿ, ದ್ವೇಷ, ಅಸೂಯೆ, ಭಯ, ಆಸೆ ಎಲ್ಲವೂ ಈ ಮೂಲದಿಂದಲೇ ಕವಲೊಡೆದವು. ಅವುಗಳನ್ನು ಹಳಿಯುವುದರಿಂದಾಗಲಿ ಅಣಕಿಸುವುದರಿಂದಾಗಲಿ ಪ್ರಯೋಜನವಿಲ್ಲ; ಗಾಳಿಮಳೆಗಳ ಕಾರಣವನ್ನು ಹುಡುಕುವಂತೆ ಅವುಗಳ ಕಾರಣವನ್ನೂ ಹುಡುಕಬೇಕು ಎಂಬುದು ಅವನ ನಿಲುವು.

ಇದರ ಪ್ರಯೋಜನ ನಿತ್ಯಜೀವನದಲ್ಲಿ ಹೇಗೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ತರಗತಿಯಲ್ಲಿ ಹುಡುಗನೊಬ್ಬನು ಉದ್ಧಟತನದಿಂದ ಉತ್ತರಿಸಿದನೆನ್ನೋಣ. ಉಪಾಧ್ಯಾಯನಿಗೆ ಸಿಟ್ಟು ನೆತ್ತಿಗೇರುತ್ತದೆ. ಆ ಕ್ಷಣದಲ್ಲಿ ಅವನು ತನ್ನ ಸಿಟ್ಟನ್ನು ತಾನು ಆಳುತ್ತಿಲ್ಲ, ಸಿಟ್ಟೇ ಅವನನ್ನು ಆಳುತ್ತಿದೆ. ಆದರೆ ಆ ಹುಡುಗನು ರಾತ್ರಿಯೆಲ್ಲ ಮನೆಯ ಜಗಳದಿಂದ ನಿದ್ದೆಗೆಟ್ಟು, ಬೆಳಗ್ಗೆ ಉಪವಾಸವೇ ಶಾಲೆಗೆ ಬಂದಿದ್ದನೆಂದು ತಿಳಿದುಬಂದರೆ ಸಿಟ್ಟಿನ ರೂಪವೇ ಬದಲಾಗುತ್ತದೆ. ಹುಡುಗನನ್ನು ತಿದ್ದಬೇಕಾದ ಕರ್ತವ್ಯ ಹಾಗೆಯೇ ಉಳಿಯುತ್ತದೆ. ಆದರೆ ಈಗ ತಿದ್ದುವುದು ವಿವೇಕ, ಸಿಟ್ಟಲ್ಲ. ಉಪಾಧ್ಯಾಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಮಾತು ತನ್ನನ್ನೇಕೆ ಅಷ್ಟು ಚುಚ್ಚಿತೆಂದು ತನ್ನೊಳಗೆ ನೋಡಿಕೊಂಡರೆ ತನ್ನ ಬಗೆಗೂ ಅವನಿಗೆ ಒಂದು ತಿಳಿವು ಮೂಡುತ್ತದೆ. ಸ್ಪಷ್ಟವಾಗಿ ಅರಿತ ಭಾವವು ಮನುಷ್ಯನನ್ನು ಕಟ್ಟಿಹಾಕುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬ ಸ್ಪಿನೋಜಾನ ಸಿದ್ಧಾಂತದ ಅರ್ಥ ಇದೇ. ದ್ವೇಷಕ್ಕೆ ಪ್ರತಿದ್ವೇಷ ಸೇರಿದರೆ ಅದು ಬೆಳೆಯುತ್ತದೆ, ಪ್ರೀತಿ ಎದುರಾದರೆ ಕರಗುತ್ತದೆ ಎಂದು ಅವನು ಗಣಿತದ ಕ್ರಮದಲ್ಲಿಯೇ ನಿರೂಪಿಸಿದ್ದಾನೆ. ಸಂತರು ಅನುಭವದಿಂದ ಕಂಡುಕೊಂಡುದನ್ನು ಇವನು ತರ್ಕದ ದಾರಿಯಿಂದ ತಲುಪಿದನು.

ಹೇಳುವುದು ಸುಲಭ, ನಡೆಯುವುದು ಕಷ್ಟ. ಸ್ಪಿನೋಜಾನು ಎಷ್ಟರಮಟ್ಟಿಗೆ ನಡೆದನು? ಹಣದ ವಿಷಯದಲ್ಲಿ ಅವನ ನಡತೆಯನ್ನು ಹಳೆಯ ಚರಿತ್ರಕಾರರು ದಾಖಲಿಸಿದ್ದಾರೆ. ಸೈಮನ್ ದ ವ್ರೀಸ್ ಎಂಬ ಗೆಳೆಯನು ದೊಡ್ಡ ಮೊತ್ತವನ್ನು ಕಾಣಿಕೆಯಾಗಿ ಕೊಡಬಂದಾಗ ಅವನು ಸ್ವೀಕರಿಸಲಿಲ್ಲ. ತನ್ನ ಆಸ್ತಿಗೆಲ್ಲ ಅವನನ್ನೇ ಉತ್ತರಾಧಿಕಾರಿಯನ್ನಾಗಿ ಮಾಡಲು ಗೆಳೆಯನು ಬಯಸಿದಾಗ, ಒಡಹುಟ್ಟಿದ ತಮ್ಮನಿರುವಾಗ ಅದು ಸಲ್ಲದೆಂದು ತಡೆದನು. ಗೆಳೆಯನ ಮರಣಾನಂತರ ಆ ತಮ್ಮನು ವರ್ಷಾಶನವಾಗಿ ೫೦೦ ಗಿಲ್ಡರ್ ಕೊಡಲು ಮುಂದಾದಾಗ ೩೦೦ ಸಾಕೆಂದು ಅಷ್ಟನ್ನೇ ತೆಗೆದುಕೊಂಡನು. ದಾನವನ್ನು ಪೂರ್ತಿಯಾಗಿ ತಿರಸ್ಕರಿಸುವ ಅಹಂಕಾರವೂ ಅಲ್ಲಿಲ್ಲ, ಬಂದಷ್ಟನ್ನೂ ಬಾಚಿಕೊಳ್ಳುವ ಆಸೆಯೂ ಇಲ್ಲ. ಎಷ್ಟು ಬೇಕೆಂಬುದು ತಿಳಿದವನಿಗೆ ಮಾತ್ರ ಇಂಥ ಲೆಕ್ಕ ಸಾಧ್ಯ. ಹೇಗ್ ನಗರದಲ್ಲಿ ವಾನ್ ಡೆರ್ ಸ್ಪೈಕ್ ಎಂಬ ಚಿತ್ರಕಾರನ ಮನೆಯಲ್ಲಿ ಅವನು ಬಾಡಿಗೆಗಿದ್ದನು. ಊಟ ಮಿತವಾದದ್ದು, ಹಾಲಿನ ಗಂಜಿಯಂಥ ಸರಳ ಆಹಾರ. ದಣಿದಾಗ ಕೆಳಗಿಳಿದು ಬಂದು ಮನೆಯವರೊಡನೆ ಮಾತನಾಡುವನು, ಒಮ್ಮೊಮ್ಮೆ ಹೊಗೆಸೊಪ್ಪು ಸೇದುವನು, ಇದ್ದಿಲಿನಿಂದ ಮನುಷ್ಯರ ಚಿತ್ರ ಬರೆಯುವನು. ತನ್ನ ಮತದಲ್ಲಿಯೇ ಇದ್ದು ಸದ್ಗತಿ ಪಡೆಯಬಹುದೇ ಎಂದು ಮನೆಯೊಡತಿ ಕೇಳಿದಾಗ, ಅವಳ ಮತ ಒಳ್ಳೆಯದೇ, ಶಾಂತವಾದ ಸದಾಚಾರದ ಬಾಳನ್ನು ನಡೆಸಿದರೆ ಬೇರೆ ಯಾವುದನ್ನೂ ಹುಡುಕಬೇಕಾಗಿಲ್ಲವೆಂದು ಅವನು ಸಮಾಧಾನ ಹೇಳಿದನಂತೆ. ಸ್ವತಃ ಯಾವ ಮತದ ಕಟ್ಟಿಗೂ ಒಳಗಾಗದವನು ಇನ್ನೊಬ್ಬರ ಶ್ರದ್ಧೆಯನ್ನು ಕದಡಲಿಲ್ಲ.

ಭಯದ ಪರೀಕ್ಷೆಯೂ ಅವನಿಗೆ ಎದುರಾಯಿತು. ಅವನ ಗೆಳೆಯರಲ್ಲೊಬ್ಬನಾದ ಕೋರ್‌ಬಾಖ್ ಎಂಬುವನು ಧರ್ಮವಿಮರ್ಶೆಯ ಪುಸ್ತಕಗಳನ್ನು ಜನರ ಆಡುಮಾತಾದ ಡಚ್ ಭಾಷೆಯಲ್ಲಿ ಬರೆದುದಕ್ಕಾಗಿ ೧೬೬೮ರಲ್ಲಿ ಸೆರೆಯಾಗಿ, ೧೬೬೯ರಲ್ಲಿ ಸೆರೆಮನೆಯ ಪಾಲಿನಲ್ಲಿಯೇ ಮರಣಹೊಂದಿದನು. ಮರುವರ್ಷವೇ, ಎಂದರೆ ೧೬೭೦ರಲ್ಲಿ, ಸ್ಪಿನೋಜಾನು ಧರ್ಮ ಮತ್ತು ರಾಜ್ಯಗಳನ್ನು ಕುರಿತ ತನ್ನ ಪ್ರಬಂಧವನ್ನು ಹೊರತಂದನು. ಅದರಲ್ಲಿ ಕರ್ತೃವಿನ ಹೆಸರಿರಲಿಲ್ಲ; ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದರೂ ಹ್ಯಾಂಬರ್ಗಿನಲ್ಲಿ ಅಚ್ಚಾಯಿತೆಂದು ನಮೂದಿಸಲಾಗಿತ್ತು. ಧರ್ಮಗ್ರಂಥಗಳನ್ನು ಅವುಗಳ ಭಾಷೆ ಮತ್ತು ಇತಿಹಾಸಗಳ ಬೆಳಕಿನಲ್ಲಿ ಓದಬೇಕು, ಅವುಗಳ ತಿರುಳು ನ್ಯಾಯ ಮತ್ತು ದಯೆ ಎಂದು ಅವನು ಪ್ರತಿಪಾದಿಸಿದನು. ವಿಚಾರಸ್ವಾತಂತ್ರ್ಯವು ಭಕ್ತಿಗೂ ರಾಜ್ಯದ ಶಾಂತಿಗೂ ಹಾನಿಯಲ್ಲ, ಅದನ್ನು ಕಸಿದುಕೊಂಡರೆ ಅವೆರಡೂ ನಾಶವಾಗುತ್ತವೆ ಎಂಬುದು ಆ ಗ್ರಂಥದ ಹೃದಯ. ೧೬೭೪ರಲ್ಲಿ ಅದು ನಿಷೇಧಕ್ಕೆ ಒಳಗಾಯಿತು. ಧೈರ್ಯವೆಂದರೆ ಅವಿಚಾರದ ಸಾಹಸವಲ್ಲವೆಂಬುದನ್ನೂ ಅವನು ಬಲ್ಲವನಾಗಿದ್ದನು. ಆ ಗ್ರಂಥದ ಡಚ್ ಅನುವಾದ ಅಚ್ಚಾಗುವ ಸುದ್ದಿ ಬಂದಾಗ ಗೆಳೆಯನಿಗೆ ಬರೆದು ಅದನ್ನು ತಡೆಯಿಸಿದನು.

ಕೋಪದ ಪರೀಕ್ಷೆಯಲ್ಲಿ ಅವನು ಸುಲಭವಾಗಿ ಗೆಲ್ಲಲಿಲ್ಲವೆಂಬುದನ್ನು ಮರೆಮಾಡಬೇಕಾಗಿಲ್ಲ. ೧೬೭೨ರಲ್ಲಿ ಫ್ರಾನ್ಸಿನ ಸೈನ್ಯ ಹಾಲೆಂಡಿನ ಮೇಲೆ ದಂಡೆತ್ತಿ ಬಂದಿತು. ಸೋಲಿನ ಸಿಟ್ಟನ್ನು ಜನರು ಆವರೆಗೆ ದೇಶದ ಆಡಳಿತ ನಡೆಸಿದ್ದ ಯೋಹಾನ್ ದ ವಿಟ್ ಎಂಬ ಉದಾರ ಮುತ್ಸದ್ದಿಯ ಮೇಲೆ ತಿರುಗಿಸಿದರು. ಆಗಸ್ಟ್ ೨೦ರಂದು ಹೇಗ್ ನಗರದ ಬೀದಿಯಲ್ಲಿ ಜನಜಂಗುಳಿಯು ಅವನನ್ನೂ ಅವನ ಅಣ್ಣನನ್ನೂ ಬರ್ಬರವಾಗಿ ಕೊಂದುಹಾಕಿತು. ಸದಾ ಶಾಂತನಾಗಿದ್ದ ಸ್ಪಿನೋಜಾನು ಆ ದಿನ ತಾಳ್ಮೆಯನ್ನು ಕಳೆದುಕೊಂಡನು. ಆ ಕೃತ್ಯವನ್ನು ಬರ್ಬರತೆಯೆಂದು ಖಂಡಿಸುವ ಫಲಕವೊಂದನ್ನು ಬರೆದು ಕೊಲೆ ನಡೆದ ಸ್ಥಳದಲ್ಲಿಯೇ ನಿಲ್ಲಿಸಲು ಹೊರಟನು. ಅವನೂ ಜನರ ಕೈಯಲ್ಲಿ ಸತ್ತಾನೆಂದು ಹೆದರಿ ಮನೆಯ ಯಜಮಾನನು ಅವನನ್ನು ಹೊರಗೆ ಹೋಗಗೊಡದೆ ಬಾಗಿಲು ಹಾಕಿದನು. ಈ ಸಂಗತಿಯನ್ನು ಸ್ಪಿನೋಜಾನೇ ಮುಂದೆ ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸನಿಗೆ ತಿಳಿಸಿದನು. ತತ್ತ್ವಜ್ಞಾನವು ಮನುಷ್ಯನನ್ನು ಕಲ್ಲನ್ನಾಗಿ ಮಾಡುವುದಿಲ್ಲ. ಅನ್ಯಾಯವನ್ನು ಕಂಡಾಗ ಹೃದಯ ಕುದಿಯುವುದು ಅದರಿಂದ ನಿಲ್ಲುವುದಿಲ್ಲ, ನಿಲ್ಲಬೇಕಾದುದೂ ಇಲ್ಲ. ಆದರೆ ಮರುವರ್ಷ ಅದೇ ನಗರದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಸ್ಪಿನೋಜಾನು ಆಹ್ವಾನದ ಮೇರೆಗೆ ಯುಟ್ರೆಕ್ಟ್ ನಗರದಲ್ಲಿದ್ದ ಫ್ರೆಂಚ್ ಪಾಳೆಯಕ್ಕೆ ಹೋಗಿ ಬಂದುದರಿಂದ ಅವನು ಶತ್ರುಗಳ ಗೂಢಚಾರನೆಂಬ ಗುಲ್ಲೆದ್ದಿತು. ಮನೆಗೆ ಜನ ನುಗ್ಗಿಯಾರೆಂದು ಯಜಮಾನನು ನಡುಗಿದನು. ಸ್ಪಿನೋಜಾನು ಅವನಿಗೆ ಧೈರ್ಯ ಹೇಳಿ, ಜನರು ಬಂದರೆ ತಾನೇ ಹೊರಗೆ ಹೋಗಿ ಅವರನ್ನು ಎದುರುಗೊಳ್ಳುವೆನೆಂದು ತಿಳಿಸಿದನು. ಅನಾಹುತವೇನೂ ಆಗಲಿಲ್ಲ. ಪರರಿಗಾದ ಅನ್ಯಾಯಕ್ಕೆ ಕುದಿದವನು ತನ್ನ ಪ್ರಾಣಕ್ಕೆ ಬಂದ ಕುತ್ತಿನೆದುರು ಶಾಂತನಾಗಿದ್ದನು.

೧೬೭೩ರಲ್ಲಿ ಕೀರ್ತಿಯೂ ಅವನ ಬಾಗಿಲಿಗೆ ಬಂದಿತು. ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಪದವಿಯನ್ನು ಅಲ್ಲಿನ ರಾಜನು ಅವನಿಗೆ ನೀಡಬಯಸಿದನು. ವಿಚಾರಸ್ವಾತಂತ್ರ್ಯಕ್ಕೆ ಅಡ್ಡಿಯಿಲ್ಲ, ಆದರೆ ರಾಜ್ಯದ ಸ್ಥಾಪಿತ ಮತವನ್ನು ಕದಡಬಾರದೆಂಬ ಒಂದು ಮಾತು ಆ ಆಹ್ವಾನದಲ್ಲಿದ್ದಿತು. ಬಡ ಮಸೂರಗಾರನಿಗೆ ಅದು ಎಂಥ ಅವಕಾಶ! ಸ್ಪಿನೋಜಾನು ವಿನಯದಿಂದ ನಿರಾಕರಿಸಿದನು. ಬೋಧನೆಗೆ ತೊಡಗಿದರೆ ತನ್ನ ಚಿಂತನೆ ಕುಂಠಿತವಾದೀತೆಂಬುದು ಒಂದು ಕಾರಣ. ಆ ಸ್ವಾತಂತ್ರ್ಯದ ಎಲ್ಲೆ ಎಲ್ಲಿಯದೆಂದು ತನಗೆ ತಿಳಿಯದು ಎಂಬುದು ಇನ್ನೊಂದು. ವೃತ್ತಿಯಿಂದ ಅಧ್ಯಾಪಕರಾದವರಿಗೆ ಮೊದಲ ಕಾರಣ ಒಪ್ಪಿಗೆಯಾಗದಿರಬಹುದು. ಕಲಿಸುವುದರಿಂದಲೇ ಕಲಿತವರು ಅನೇಕರಿದ್ದಾರೆ. ಎರಡನೆಯ ಕಾರಣವಾದರೋ ಎಲ್ಲ ವಿದ್ಯಾಸಂಸ್ಥೆಗಳೂ ನೆನಪಿನಲ್ಲಿಡಬೇಕಾದದ್ದು. ಪ್ರಶ್ನೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೆರೆ ಎಳೆದ ಕಡೆ ಜ್ಞಾನ ಮೊಳೆಯಲಾರದು.

೧೬೭೫ರಲ್ಲಿ ನೀತಿಶಾಸ್ತ್ರ ಪೂರ್ಣಗೊಂಡಿತು. ಅಚ್ಚು ಹಾಕಿಸಲು ಸ್ಪಿನೋಜಾನು ಆಮ್‌ಸ್ಟರ್‌ಡ್ಯಾಮಿಗೆ ಹೋದನು. ದೇವರಿಲ್ಲವೆಂದು ಸಾಧಿಸುವ ಪುಸ್ತಕ ಬರುತ್ತಿದೆಯೆಂಬ ಗಾಳಿಸುದ್ದಿ ಅದಾಗಲೇ ಹಬ್ಬಿತ್ತು. ಅವನು ಪ್ರಕಟಣೆಯನ್ನು ಮುಂದಕ್ಕೆ ಹಾಕಿ ಹಿಂದಿರುಗಿದನು. ಹದಿನಾಲ್ಕು ಹದಿನೈದು ವರ್ಷಗಳ ದುಡಿಮೆ ಮೇಜಿನ ಪೆಟ್ಟಿಗೆಯಲ್ಲಿ ಉಳಿಯಿತು. ೧೬೭೬ರ ನವೆಂಬರಿನಲ್ಲಿ ಲೈಬ್ನಿಟ್ಸನು ಬಂದು ಅವನೊಡನೆ ದೀರ್ಘ ಸಂಭಾಷಣೆ ನಡೆಸಿದನು. ಅಷ್ಟು ಹೊತ್ತಿಗೆ ಸ್ಪಿನೋಜಾನ ಶ್ವಾಸಕೋಶಗಳು ಕ್ಷೀಣಿಸಿದ್ದವು. ವರ್ಷಗಟ್ಟಲೆ ಉಸಿರಾಡಿದ ಗಾಜಿನ ಧೂಳು ಕಾಯಿಲೆಯನ್ನು ಹೆಚ್ಚಿಸಿರಬಹುದೆಂದು ಊಹಿಸಲಾಗಿದೆ. ೧೬೭೭ನೆಯ ಫೆಬ್ರುವರಿ ೨೧, ಭಾನುವಾರ, ಮನೆಯವರು ಪ್ರಾರ್ಥನೆಗೆ ಹೋಗಿದ್ದ ವೇಳೆಯಲ್ಲಿ, ಅವನು ಶಾಂತವಾಗಿ ಕೊನೆಯುಸಿರೆಳೆದನು. ಸ್ವತಂತ್ರನಾದ ಮನುಷ್ಯನು ಸಾವನ್ನು ಕುರಿತು ಚಿಂತಿಸುವುದಿಲ್ಲ, ಅವನ ಜ್ಞಾನವೆಲ್ಲ ಬಾಳನ್ನು ಕುರಿತ ಚಿಂತನೆ ಎಂಬುದು ಅವನ ಬೋಧನೆಯಾಗಿದ್ದಿತು. ಅದಕ್ಕೆ ತಕ್ಕಂತೆಯೇ ಅವನು ತೆರಳಿದನು. ಉಳಿದದ್ದು ಕೆಲವು ಬಟ್ಟೆಬರೆ, ಮಸೂರ ಉಜ್ಜುವ ಸಲಕರಣೆಗಳು, ಸುಮಾರು ೧೬೦ ಪುಸ್ತಕಗಳು, ಮತ್ತು ಬರಹಗಳಿದ್ದ ಮೇಜು. ಆ ಮೇಜು ಅವನ ಇಚ್ಛೆಯಂತೆ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಗೆಳೆಯನಿಗೆ ತಲುಪಿತು. ಗೆಳೆಯರು ವರ್ಷ ಮುಗಿಯುವುದರೊಳಗೆ ಅವನ ಗ್ರಂಥಗಳನ್ನು ಅಚ್ಚುಹಾಕಿಸಿದರು. ಅವನ ಬಯಕೆಯಂತೆ ಪೂರ್ಣ ಹೆಸರನ್ನು ಹಾಕದೆ ಮೊದಲಕ್ಷರಗಳನ್ನು ಮಾತ್ರ ಹಾಕಿದರು. ೧೬೭೮ರಲ್ಲಿ ಅವೂ ನಿಷೇಧಕ್ಕೊಳಗಾದವು.

ನಿಷೇಧಗಳು ಅಳಿದವು, ವಿಚಾರಗಳು ಉಳಿದವು. ಸುಮಾರು ನೂರು ವರ್ಷಗಳ ಅನಂತರ ಜರ್ಮನಿಯ ಲೆಸ್ಸಿಂಗ್, ಗಯಟೆ ಮೊದಲಾದವರು ಅವನಲ್ಲಿ ಹೊಸ ಬೆಳಕನ್ನು ಕಂಡರು. ೧೮೮೦ರಲ್ಲಿ ಹೇಗ್ ನಗರವು ಅವನ ಪ್ರತಿಮೆಯನ್ನು ಸ್ಥಾಪಿಸಿತು. ೧೯೨೯ರಲ್ಲಿ ಐನ್‌ಸ್ಟೈನನು ತನ್ನ ದೈವಶ್ರದ್ಧೆ ಸ್ಪಿನೋಜಾನ ದೇವರಲ್ಲಿದೆ ಎಂದು ಸಾರಿದನು. ನೀತಿಶಾಸ್ತ್ರದ ಹಳೆಯ ಹಸ್ತಪ್ರತಿಯೊಂದು ೨೦೧೦ರಲ್ಲಿ ವ್ಯಾಟಿಕನ್ನಿನ ಗ್ರಂಥಾಲಯದಲ್ಲಿಯೇ ಪತ್ತೆಯಾಯಿತು. ಅದನ್ನು ಒಂದು ಕಾಲದಲ್ಲಿ ದೋಷಾರೋಪಣೆಗೆಂದು ಅಲ್ಲಿಗೆ ಒಪ್ಪಿಸಲಾಗಿತ್ತು. ಖಂಡಿಸಲು ಕಾದಿಟ್ಟವರೇ ಅದನ್ನು ಮುಂದಿನವರಿಗಾಗಿ ಕಾಪಾಡಿದಂತಾಯಿತು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ತತ್ತ್ವಶಾಸ್ತ್ರವು ಸ್ಪಿನೋಜಾನಿಗೆ ಐಶ್ವರ್ಯವನ್ನು ಕೊಡಲಿಲ್ಲ, ಆರೋಗ್ಯವನ್ನು ಕೊಡಲಿಲ್ಲ, ಅವನನ್ನು ಬಹಿಷ್ಕಾರದಿಂದ ಪಾರುಮಾಡಲಿಲ್ಲ. ಬಹಿಷ್ಕಾರವನ್ನು ತಂದುದೇ ಅದು. ಆದರೆ ಯಾವುದು ಎಷ್ಟು ಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ, ಯಾರನ್ನೂ ದ್ವೇಷಿಸದೆ ಬಾಳುವುದು ಹೇಗೆ ಎಂಬ ಅರಿವನ್ನು ಅದು ಕೊಟ್ಟಿತು. ಆ ಅರಿವು ಸಂತೆಯಲ್ಲಿ ಕೊಳ್ಳಲು ಸಿಕ್ಕುವುದಿಲ್ಲ, ಪಿತ್ರಾರ್ಜಿತವಾಗಿ ಬರುವುದಿಲ್ಲ, ಪರೀಕ್ಷೆಯ ಅಂಕಗಳಲ್ಲಿ ಕಾಣುವುದಿಲ್ಲ. ಮಸೂರವು ತನಗೆ ತಾನೇ ಯಾವ ವಸ್ತುವನ್ನೂ ಸೃಷ್ಟಿಸುವುದಿಲ್ಲ. ಇರುವ ವಸ್ತುವನ್ನು ಇರುವಂತೆ ಕಾಣಿಸುತ್ತದೆ. ತತ್ತ್ವಶಾಸ್ತ್ರದ ಅಧ್ಯಯನವೂ ಹಾಗೆಯೇ. ಅದು ದಿನದಿನದ ತಾಳ್ಮೆಯ ದುಡಿಮೆಯನ್ನು ಬೇಡುತ್ತದೆ, ಫಲವನ್ನು ನಿಧಾನವಾಗಿ ಕೊಡುತ್ತದೆ. ವಿದ್ಯಾರ್ಥಿಗಳಿಗೆ ಜೀವನೋಪಾಯದ ವಿದ್ಯೆಯನ್ನು ಕಲಿಸುವುದು ಅವಶ್ಯಕ, ಅದರಲ್ಲಿ ಸಂದೇಹವಿಲ್ಲ. ಸ್ಪಿನೋಜಾನೂ ಜೀವನೋಪಾಯಕ್ಕೆ ಒಂದು ಕಸುಬನ್ನು ಕಲಿತೇ ಇದ್ದನು. ಆದರೆ ಜೀವನ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಕೇಳಲು ಕಲಿಯದ ವಿದ್ಯಾರ್ಥಿಯ ಶಿಕ್ಷಣ ಅರ್ಧದಷ್ಟೇ. ಆ ಇನ್ನರ್ಧವನ್ನು ಪೂರೈಸುವ ಹೊಣೆ ವಿದ್ಯಾಲಯವನ್ನು ಕಟ್ಟಿದವರ, ಅದಕ್ಕೆ ನೆರವಿತ್ತವರ ಮತ್ತು ಅದರಲ್ಲಿ ಪಾಠ ಹೇಳುವವರ ಮೇಲಿದೆ. ಬಾಡಿಗೆಯ ಕೋಣೆಯಲ್ಲಿ ಕುಳಿತು ಗಾಜು ಉಜ್ಜಿದವನ ಬಾಳು ಆ ಹೊಣೆಯನ್ನು ನೆನಪಿಸುತ್ತ ನಿಂತಿದೆ.